ಸರಾಸರಿ ಮಳಿ ಗಿಡಕ್ಕ ಗೊತ್ತಿಲ್ಲ

ಜೂನ್ ಬಂತಂದ್ರ ಗದಗಿನ ನಮ್ಮ ಬೀಜ-ಗೊಬ್ಬರದ ಅಂಗಡ್ಯಾಗ ಎಲ್ಲಾರೂ ಬೀಜದ ರೇಟ್ ಕೇಳೂಕಿಂತ ಮೊದಲ ಈ ವರ್ಷ ಮಳಿ ಹೆಂಗಂತ್ರಿ ಅಂತ ಕೇಳ್ತಾರ. ಟಿವಿಯವ್ರು ವಾಡಿಕೆ ಮಳಿ ಅಂದಿದ್ರ ಸಮಾಧಾನ, ವಾಡಿಕೆಗಿಂತ ಕಡಿಮಿ ಅಂದಿದ್ರ ಒಂದೆರಡ ಪಾಕೀಟು ಕಡಿಮಿ ಒಯ್ತಾರ. ಅಪ್ಪಾನ ಜೋಡಿ ಈ ಅಂಗಡ್ಯಾಗ ಕುಂದ್ರಾಕ ಹತ್ತಿದಾಗಿಂದ ಈ ವಾಡಿಕೆ, ಸರಾಸರಿ ಅನ್ನೂ ಲೆಕ್ಕದ ಮ್ಯಾಲ ನಂಗ ನಂಬಿಕಿ ಕಡಿಮಿ ಆಕ್ಕೋತ ಬಂದೈತಿ, ಯಾಕಂದ್ರ ಬಿತ್ತಿದ ಬೀಜಕ್ಕ ವರ್ಷದ ಟೋಟಲ್ ತಗೊಂಡು ಏನ್ ಮಾಡೂದೈತ್ರಿ, ಅದಕ್ಕ ಬೇಕಾಗಿದ್ದು ಮುಂದಿನ ಇಪ್ಪತ್ತ ದಿನದಾಗ ಮಳಿ ಎಷ್ಟ ಸಲ ಬಂತು, ನಡುವ ಎಷ್ಟ ದಿನ ಬಿಡುವು ಕೊಡ್ತು ಅನ್ನೂದು ಅಷ್ಟ. ಈ ಮಾತು ಎಲ್ಲಿ ಎಲ್ಲಾಕ್ಕಿಂತ ಚೊಕ್ಕಾಗಿ ಕಾಣ್ತೈತಿ ಅಂದ್ರ ಮರುಭೂಮಿಯಾಗ. ಅದಕ್ಕ ನಾ ಈಗೀಗ ಬಿಡುವು ಸಿಕ್ಕಾಗೆಲ್ಲ ಮರುಭೂಮಿ ಬಗ್ಗೆನ ಓದ್ತೀನಿ.

ಈ ಹುಚ್ಚು ಹಿಡಿಸಿದಾವ ನಮ್ಮ ಕಾಕಾನ ಮಗ. ಬಿಎಸ್‌ಎಫ್‌ನ್ಯಾಗ ಅದಾನ, ಜೈಸಲ್ಮೇರ್ ಬಾರ್ಡರ್‌ಕ್ಕ ಪೋಸ್ಟಿಂಗ್ ಇದ್ದಾಗ ಫೋನ್ ಹಚ್ಚಿದ್ರ ಮೊದಲ ಮಳಿ ಸುದ್ದಿ. "ಅಕ್ಕಾ, ಇಲ್ಲಿ ಮಳಿ ಇಲ್ಲ ಅನ್ನೂದಕ್ಕಿಂತ ಮಳಿಗೆ ತಾರೀಖ ಇಲ್ಲ ನೋಡು" ಅಂತಿದ್ದ. ಒಂದ ವರ್ಷ ಜುಲೈ ಪೂರಾ ಒಣಾ ಹೋಗಿ ಆಗಸ್ಟ್‌ನ್ಯಾಗ ಒಂದ ರಾತ್ರಿ ಸುರದು ಬಿಡ್ತಂತ, ಆಮ್ಯಾಲ ವಾರದಾಗ ಅವ ಒಂದ ಫೋಟೋ ಕಳಿಸಿದ, ಕುಕ್ಕರಗಾಲಿಲೆ ಕುಂತು ಮೊಬೈಲ್ ಉಸುಕಿಗೆ ಹಚ್ಚಿ ತಗದಿದ್ದು. ಎರಡ ಎಲಿ ಸಸಿ, ಕಿರಬೆರಳ ಉಗುರಿಗಿಂತ ಸಣ್ಣದು, ಎಲಿ ಮ್ಯಾಲ ಉಸುಕಿನ ಕಾಳು ಹಂಗ ಕುಂತಿದ್ವು. ತಿಂಗಳ ಮ್ಯಾಲ ಅದ ಜಾಗದ ಇನ್ನೊಂದ ಫೋಟೋ ಬಂತು, ಸಸಿ ಒಣಗಿ ಕಡ್ಡಿ ಆಗಿತ್ತು, ಆದ್ರ ಕಡ್ಡಿ ತುದ್ಯಾಗ ಬೀಜ ಇತ್ತು. ಹುಟ್ಟೂದು, ಹೂ ಬಿಡೂದು, ಬೀಜ ಕಟ್ಟೂದು, ಸಾಯೂದು ಎಲ್ಲಾ ಒಂದ ಮಳಿ ಹಸ್ಯಾಗ ಮುಗದಿತ್ತು. ನಮ್ಮ ಹೆಸರ ಬೆಳಿಗೆ ಅರವತ್ತ-ಎಪ್ಪತ್ತ ದಿನ ಬೇಕು, ಅದನ್ನ ನಾವು ಭಾಳ ಲಗೂ ಬರೂ ಬೆಳಿ ಅಂತ ಮಾರ್ತೀವಿ.

ಈಗ ಲೆಕ್ಕಕ್ಕ ಬರ್ತೀನಿ. ಜೈಸಲ್ಮೇರ್‌ದಾಗ ವರ್ಷದ ಸರಾಸರಿ ಮಳಿ 200 ಮಿಲಿಮೀಟರ್‌ಗಿಂತ ಕಡಿಮಿ, ನಮ್ಮ ಗದಗ ಕಡೆ 600-700ರ ಆಸುಪಾಸು. ಇದನ್ನ ನೋಡಿ ಜೈಸಲ್ಮೇರ್ ಅಂದ್ರ ಮೂರರಾಗ ಒಂದ ಪಾಲು ಮಳಿ ಬೀಳೂ ಗದಗ ಅಂತ ತಿಳ್ಕೊಂಡ್ರ ಪೂರಾ ತಪ್ಪಾಕ್ಕೈತಿ, ಯಾಕಂದ್ರ ಮಳಿ ಕಡಿಮಿ ಇದ್ದಷ್ಟು ವರ್ಷದಿಂದ ವರ್ಷಕ್ಕ ಅದರ ಏರಿಳಿತ ಜಾಸ್ತಿ. ಸರಾಸರಿಯಿಂದ ಒಂದೊಂದ ವರ್ಷ ಎಷ್ಟ ಅತ್ಲಾಗ ಇತ್ಲಾಗ ಸರೀತೈತಿ ಅನ್ನೂದನ್ನ ಪರ್ಸೆಂಟ್‌ನ್ಯಾಗ ಹೇಳ್ತಾರ, ನಮ್ಮ ಕರಾವಳಿ ಕಡೆ ಅದು 20ರ ಒಳಗ ಇದ್ರ ಜೈಸಲ್ಮೇರ್ ಕಡೆ 50 ದಾಟ್ತೈತಿ. ಕಾರಣ ಭಾಳ ಸರಳ ಐತಿ. ಹವಾಮಾನ ಇಲಾಖೆಯವ್ರು 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ದಿನಕ್ಕ ಮಳಿ ದಿನ ಅಂತಾರ, ಅಂಥಾ ದಿನ ಜೈಸಲ್ಮೇರ್‌ಕ್ಕ ವರ್ಷದಾಗ ಹತ್ತ-ಹದಿನೈದು ಸಿಕ್ರ ಪುಣ್ಯ. ಅದ್ರಾಗ ಖರೇ ದೊಡ್ಡ ಮಳಿ ಎರಡೋ ಮೂರೋ. ಬಂಗಾಳ ಕೊಲ್ಲಿಯಿಂದ ಹೊಂಟ ಮಾರುತ ಅಲ್ಲಿ ಮುಟ್ಟೂದ್ರಾಗ ಸುಸ್ತಾಗಿರ್ತೈತಿ, ಯಾವುದೋ ಒಂದ ವಾಯುಭಾರ ಕುಸಿತ ಅಷ್ಟ ದೂರ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಆ ಎರಡ ಮಳಿಯೊಳಗ ಒಂದ ತಪ್ತು ಅಂದ್ರ ಆ ವರ್ಷ ಅರ್ಧಕ್ಕರ್ಧ ಹೋತು, ಒಂದ ಹೆಚ್ಚಿಗಿ ಬಂತು ಅಂದ್ರ ಒಂದೂವರಿ ಪಟ್ಟು. ಹಿಂಗ ಬರಗಾಲದ ವರ್ಷ, ಪ್ರವಾಹದ ವರ್ಷ ಎಲ್ಲಾ ಕೂಡಿಸಿ ಭಾಗಿಸಿದ್ರ ಒಂದ ಸರಾಸರಿ ಬರ್ತೈತಿ, ಅಂಥಾ ಸರಾಸರಿ ವರ್ಷ ಖರೇನ ಕಣ್ಣಿಗೆ ಬೀಳೂದು ಭಾಳ ಅಪರೂಪ. ಅಲ್ಲಿನ ಗಿಡ, ಹುಳ, ಹಕ್ಕಿ ಯಾವುದೂ ಆ ಸರಾಸರಿಯಾಗ ಬದುಕಿಲ್ಲ.

1973ರಾಗ ನೋಯ್-ಮೀರ್ ಅನ್ನೂ ಇಸ್ರೇಲಿನ ವಿಜ್ಞಾನಿ ಮರುಭೂಮಿ ಪರಿಸರದ ಬಗ್ಗೆ ಒಂದ ದೊಡ್ಡ ಲೇಖನ ಬರದ್ರು, ಇವತ್ತಿಗೂ ಈ ವಿಷಯ ಓದಾವ್ರು ಅಲ್ಲಿಂದನ ಶುರು ಮಾಡ್ತಾರ. ಅವರು ಹೇಳಿದ್ದು ಏನಂದ್ರ ಮರುಭೂಮಿ ನಡಿಯೂದು ಮಿಡಿತದ ಮ್ಯಾಲ. ಒಂದ ಮಳಿ ಬರ್ತೈತಿ, ಎಲ್ಲಾ ಒಮ್ಮೆಲೆ ಎದ್ದು ಬೆಳೀತೈತಿ, ಬೆಳದದ್ದರಾಗ ಒಂದಿಷ್ಟು ಬೀಜ, ಗಡ್ಡಿ, ಬೇರು, ಮೊಟ್ಟಿ ಅಂತ ಉಳಿತಾಯ ಆಗ್ತೈತಿ, ಉಳದದ್ದು ಸಾಯ್ತೈತಿ, ಮುಂದಿನ ಮಳಿ ತನಕಾ ಆ ಉಳಿತಾಯನ ಜೀವ ಹಿಡದು ಕುಂದರ್ತೈತಿ. ಹೊರಗಿಂದ ನೋಡಾವ್ರಿಗೆ ಖಾಲಿ ಉಸುಕು ಕಾಣ್ತೈತಿ, ಆ ಉಸುಕಿನ ಮ್ಯಾಲಿನ ಎರಡ ಬೆರಳಿನಷ್ಟು ಪದರದಾಗ ಒಂದ ಚದರ ಮೀಟರ್‌ಗೆ ಸಾವಿರಾರು ಬೀಜ ಮಲಗಿರಬಹುದು.

ಇನ್ನ ಮಳಿ ಅಂದ್ರ ಎಲ್ಲಾ ಒಂದ ಅಲ್ಲ, ಯಾವ ಮಳಿ ಯಾರಿಗೆ ಅನ್ನೂದು ಅದರ ಅಳತಿ ಮ್ಯಾಲ ಐತಿ. ಮೂರ-ನಾಕ ಮಿಲಿಮೀಟರ್ ಬಿತ್ತು ಅನ್ರಿ, ಅದು ಬರೇ ಮಣ್ಣಿನ ಮ್ಯಾಲಿನ ಹೊಪ್ಪಳಿಕಿಗೆ ಸಾಲ್ತೈತಿ. ಆ ಹೊಪ್ಪಳಿಕಿ ಸುಮ್ಮನ ಮಣ್ಣಲ್ಲ, ಹಸಿರು-ನೀಲಿ ಪಾಚಿ, ಕಲ್ಲುಹೂವು, ಹಾವಸಿ, ಬ್ಯಾಕ್ಟೀರಿಯಾ ಎಲ್ಲಾ ಕೂಡಿ ಹೆಣದ ಜೀವಂತ ಪದರ, ಹನಿ ಬಿದ್ದ ಕೆಲವೇ ನಿಮಿಷದಾಗ ಉಸಿರಾಡಾಕ ಹತ್ತತೈತಿ. ಒಣಗಿದ ಮಣ್ಣಿಗೆ ನೀರ ಬಿದ್ದ ಕೂಡ್ಲೆ ಒಳಗಿಂದ ಇಂಗಾಲದ ಡೈಆಕ್ಸೈಡ್ ಭರ್ ಅಂತ ಹೊರಗ ಬರ್ತೈತಿ, 1958ರಾಗ ಪೂರ್ವ ಆಫ್ರಿಕಾದಾಗ ಕೆಲಸ ಮಾಡ್ತಿದ್ದ ಬರ್ಚ್ ಅನ್ನಾವ್ರು ಇದನ್ನ ಬರದಿಟ್ರು, ಅದಕ್ಕ ಬರ್ಚ್ ಎಫೆಕ್ಟ್ ಅಂತನ ಹೆಸರು. ಹತ್ತ-ಇಪ್ಪತ್ತ ಮಿಲಿಮೀಟರ್ ಆದ್ರ ಒಂದ ವರ್ಷದ ಗಿಡಗಳ ಬೀಜ ಏಳ್ತಾವ, ಹುಲ್ಲಿನ ಬುಡ ಚಿಗೀತಾವ. ಕಂಟಿ, ಮರ ಇವಕ್ಕ ತಟ್ಟಬೇಕಂದ್ರ ಇನ್ನೂ ದೊಡ್ಡ ಮಳಿ ಬೇಕು, ಇಲ್ಲಾ ಒಂದರ ಬೆನ್ನಿಗೆ ಒಂದ ಬರಬೇಕು, ಆಗ ಮಾತ್ರ ನೀರ ಆಳಕ್ಕ ಇಳಿತೈತಿ. ಅಂದ್ರ ವರ್ಷಕ್ಕ 150 ಮಿಲಿಮೀಟರ್ ಅನ್ನೂದು ಮೂವತ್ತ ಸಲ ಐದ-ಐದ ಮಿಲಿಮೀಟರ್ ಆಗಿ ಬಂದ್ರ ಒಂದ ಪ್ರಪಂಚ, ಮೂರ ಸಲ ಐವತ್ತ-ಐವತ್ತ ಬಂದ್ರ ಇನ್ನೊಂದ ಪ್ರಪಂಚ. ಟೋಟಲ್ ಒಂದ, ಬದುಕೂ ಜೀವಗಳು ಬ್ಯಾರೆ.

ಓದ್ಕೋತ ನನ್ನ ತಡದು ನಿಂದರ್ಸಿದ್ದು ಅಂದ್ರ ಮಳೀನ ಕೊಲ್ತೈತಿ ಅನ್ನೂ ಸಂಗತಿ. ಅಮೆರಿಕದ ಯೂಟಾದ ಒಣಭೂಮಿಯಾಗ ವಿಜ್ಞಾನಿಗಳು ಬ್ಯಾಸಗ್ಯಾಗ ಹೆಚ್ಚಿಗಿಯಾಗಿ 1.2 ಮಿಲಿಮೀಟರ್‌ದಷ್ಟು ಸಣ್ಣ ಸಣ್ಣ ಮಳಿ ತಾವ ಹಾಕಿ ನೋಡಿದ್ರು, 2012ರಾಗ ಅದರ ವರದಿ ಬಂತು. ಅಲ್ಲಿನ ಹಾವಸಿ ಒಂದ ವರ್ಷದೊಳಗ ಸತ್ತು ಹೋಗಿತ್ತು. ಯಾಕಂದ್ರ ಹನಿ ಬಿದ್ದ ಕೂಡ್ಲೆ ಹಾವಸಿ ಎಚ್ಚರ ಆಗಿ ಒಳಗಿನ ರಿಪೇರಿಗೆ ಇದ್ದಬದ್ದ ಶಕ್ತಿ ಖರ್ಚು ಮಾಡ್ತೈತಿ, ಬಿಸಲಿನಿಂದ ಆಹಾರ ತಯಾರ ಮಾಡಿ ಆ ಖರ್ಚು ತೀರಿಸ್ಬೇಕು ಅನ್ನೂದ್ರಾಗ ನೀರ ಆರಿ ಹೋಗ್ತೈತಿ, ಅಂಗಡಿ ಬಾಗಲಾ ತಗದು ಕಸಾ ಹೊಡದು ಲೈಟ್ ಹಚ್ಚಿ ಒಬ್ಬ ಗಿರಾಕಿ ಬರೂದ್ರಾಗ ಮತ್ತ ಬಾಗಲಾ ಹಾಕಿದಂಗ, ದಿನಾ ಹಿಂಗ ಆದ್ರ ಬಂಡವಾಳ ಎಷ್ಟ ದಿನಾ ಬರ್ತೈತಿ. ಇನ್ನೊಂದ ತುದಿಗೆ ಚಿಲಿ ದೇಶದ ಅಟಕಾಮಾ ಐತಿ, ಅದರ ನಟ್ಟನಡುವಿನ ಭಾಗ ಜಗತ್ತಿನ ಅತಿ ಒಣ ಜಾಗಗಳೊಳಗ ಒಂದು, ಅಲ್ಲಿ 2015ರಾಗ, ಆಮ್ಯಾಲ 2017ರಾಗ ಎಂದೂ ಬರದ ಮಳಿ ಬಂದು ನೀರ ನಿಂತು ಬಿಡ್ತು. ಒಂದ ಹನಿ ಇಲ್ಲದ ಬದುಕಾಕ ಒಗ್ಗಿಕೊಂಡಿದ್ದ ಸೂಕ್ಷ್ಮಜೀವಿಗಳ ಒಳಗ ಒಮ್ಮೆಲೆ ಅಷ್ಟ ನೀರ ಹೊಕ್ಕು ಅವು ಒಡದು ಸತ್ತವು, ಮೊದಲಿದ್ದ ಜಾತಿಗಳ ಮುಕ್ಕಾಲು ಪಾಲಕ್ಕಿಂತ ಜಾಸ್ತಿ ಕಾಣೆ ಆಗಿದ್ವು ಅಂತ 2018ರ ವರದಿ ಹೇಳ್ತೈತಿ. ಅದ ಅಟಕಾಮಾದ ಅಂಚಿನ್ಯಾಗ, ಇನ್ನೊಂದಿಷ್ಟು ಮಳಿ ಕಾಣೂ ಕಡೆ, ಅದ 2015ರಾಗ ಗುಲಾಬಿ ಬಣ್ಣದ ಹೂವು ನೆಲಾ ತುಂಬ ಅರಳಿ ಜನ ನೋಡಾಕ ಹೋಗಿದ್ರು. ಒಂದ ಮರುಭೂಮಿ, ಒಂದ ವರ್ಷ, ಒಂದ ಕಡೆ ಜಾತ್ರಿ ಒಂದ ಕಡೆ ಸಾವು. ಮಳಿ ಬಂದ್ರ ಒಳ್ಳೇದ ಆಗ್ತೈತಿ ಅಂತ ಕಣ್ಣ ಮುಚ್ಚಿ ಹೇಳಾಕ ಬರಂಗಿಲ್ಲ, ಯಾರು ಎಂಥಾ ಮಳಿಗೆ ತಯಾರಾಗಿ ಕುಂತಾರ ಅನ್ನೂದು ನೋಡಬೇಕು.

ಬೀಜದ ಸಂಗತಿ ಬಂದ್ರ ನಾ ಸ್ವಲ್ಪ ಜಾಸ್ತಿನ ಮಾತಾಡ್ತೀನಿ, ನಮ್ಮ ದಂಧೆ ಅದು. ಅಂಗಡ್ಯಾಗಿನ ಪ್ರತಿ ಬೀಜದ ಚೀಲದ ಮ್ಯಾಲ ಮೊಳಕಿ ಪ್ರಮಾಣ ಬರದಿರ್ತೈತಿ, ಪ್ರಮಾಣಿತ ಬೀಜ ಅಂದ್ರ ಕಡ್ಲಿಗೆ ಕಡಿಮಿ ಅಂದ್ರೂ 85, ಹೆಸರಿಗೆ 75 ಪರ್ಸೆಂಟ್ ಇರಲೇಬೇಕು. ರೈತರು ಸ್ವಂತ ಇಟ್ಕೊಂಡ ಬೀಜ ತಂದು ತೋರ್ಸಿದ್ರ ಅಪ್ಪ ಒಂದ ಒದ್ದಿ ಅರಿಬ್ಯಾಗ 100 ಕಾಳು ಹತ್ತ-ಹತ್ತು ಸಾಲಾಗಿ ಜೋಡ್ಸಿ, ಸುತ್ತಿ, ತಂಪನ್ನ ಜಾಗದಾಗ ಇಡ್ತಾನ, ದಿನಾ ಒಂದೀಟು ನೀರ ಚಿಮುಕಿಸಿ ನಾಕೈದ ದಿನಕ್ಕ ಬಿಚ್ಚಿ ಎಣಸ್ತಾನ, ಬೆಳ್ಳನ ಬೇರು ಬಂದಾವು ಎಷ್ಟ, ಬರೇ ಉಬ್ಬಿದಾವು ಎಷ್ಟ, ಬೂಸಟ ಹಿಡದಾವು ಎಷ್ಟ. ಬರೇ ಉಬ್ಬಿದ್ದನ್ನ, ಕಲ್ಲಿನಂಗ ಗಟ್ಟಿ ಕುಂತಿದ್ದನ್ನ ತಗದು ಬದಿಗಿ ಇಡ್ತಾನ. ನಮಗ ಬೇಕಾಗಿದ್ದು ಎಲ್ಲಾ ಬೀಜ ಒಂದ ದಿನ ಏಳೂದು. ಮರುಭೂಮಿಯಾಗ ಹಂಗ ಎಲ್ಲಾ ಒಮ್ಮೆಲೆ ಎದ್ದ ಜಾತಿ ಎಂದೋ ಅಳದು ಹೋಗಿರ್ತೈತಿ. ಯಾಕಂದ್ರ ಮೊದಲ ಮಳಿಗೆ ಎಲ್ಲಾ ಬೀಜ ಎದ್ವು, ಎರಡನೇ ಮಳಿ ಬರಲೇ ಇಲ್ಲ, ಅಲ್ಲಿಗೆ ವಂಶ ನಿಂತು ಹೋತು.

ಇದನ್ನ 1966ರಾಗ ಡ್ಯಾನ್ ಕೋಹೆನ್ ಅನ್ನಾವ್ರು ಗಣಿತದಾಗ ತೋರ್ಸಿದ್ರು, ಒಳ್ಳೇ ವರ್ಷ ಕೆಟ್ಟ ವರ್ಷ ಯಾವಾಗ ಬರ್ತೈತಿ ಅಂತ ಗೊತ್ತಿಲ್ಲದ ಜಾಗದಾಗ ಒಂದಿಷ್ಟು ಬೀಜ ಏಳಬೇಕು, ಒಂದಿಷ್ಟು ಮಣ್ಣಾಗ ಮಲಗೇ ಇರಬೇಕು, ಕೆಟ್ಟ ವರ್ಷ ಜಾಸ್ತಿ ಇದ್ದಷ್ಟು ಮಲಗಾವು ಜಾಸ್ತಿ ಇರಬೇಕು. ಬರೇ ಗಣಿತ ಅಂತ ಬಿಡೂಹಂಗಿಲ್ಲ. ಅಮೆರಿಕದ ಅರಿಜೋನಾದ ಟುಸಾನ್ ಊರ ಹತ್ರ ಟುಮಾಮೊಕ್ ಅನ್ನೂ ಗುಡ್ಡ ಐತಿ, ಅಲ್ಲಿ 1903ರಾಗನ ಮರುಭೂಮಿ ಅಧ್ಯಯನಕ್ಕ ಒಂದ ಪ್ರಯೋಗಾಲಯ ಕಟ್ಟಿದ್ರು. ಅದ ಗುಡ್ಡದಾಗ 1982ರಿಂದ ಲಾರೆನ್ಸ್ ವೆನಬಲ್ ಮತ್ತ ಅವರ ಜೋಡಿಯವ್ರು ಸಣ್ಣ ಸಣ್ಣ ಪ್ಲಾಟಿನ್ಯಾಗ ಎದ್ದ ಪ್ರತಿಯೊಂದ ಸಸಿ ಗುರ್ತು ಮಾಡಿ, ಯಾವುದು ಉಳೀತು, ಎಷ್ಟ ಬೀಜ ಕೊಡ್ತು ಅಂತ ವರ್ಷಾ ವರ್ಷಾ ಎಣಸ್ಕೋತ ಬಂದ್ರು. 2007ರಾಗ ಅವರು ತೋರ್ಸಿದ್ದು ಏನಂದ್ರ ಯಾವ ಜಾತಿಯ ಫಸಲು ವರ್ಷದಿಂದ ವರ್ಷಕ್ಕ ಜಾಸ್ತಿ ಏರಿಳಿತ ಆಗ್ತೈತೋ ಆ ಜಾತಿಯ ಬೀಜ ಯಾವುದ ಒಂದ ವರ್ಷದಾಗ ಏಳೂ ಪ್ರಮಾಣ ಕಡಿಮಿ, ಕೋಹೆನ್ ಲೆಕ್ಕ ಹೇಳಿದಂಗನ. ಇಪ್ಪತ್ತೈದ ವರ್ಷ ಉಗುರಿನಷ್ಟು ಸಸಿ ಎಣಸೂದು ಅಂದ್ರ ಎಂಥಾ ತಾಳ್ಮಿ ಬೇಕ್ರಿ, ಅಂಥಾವ್ರ ಬಗ್ಗೆ ನಂಗ ಭಾಳ ಗೌರವ ಐತಿ.

ಬೀಜಕ್ಕ ಮಳಿ ಖರೇನೋ ಸುಳ್ಳೋ ಅಂತ ಗೊತ್ತಾಗೂದು ಹೆಂಗ ಅಂದ್ರ ಕೆಲವು ಬೀಜದ ಸಿಪ್ಪಿಯಾಗ ಮೊಳಕಿ ತಡಿಯೂ ರಾಸಾಯನಿಕ ಇರ್ತೈತಿ, ನಾಕ ಹನಿಗೆ ಅದು ಹೋಗಂಗಿಲ್ಲ, ಛಲೋ ಮಳಿ ಬಂದು ಪೂರಾ ತೊಳದ ಮ್ಯಾಲನ ಬೀಜ ಏಳೂದು. ಬೀಜ ತಾನ ಮಳಿ ಅಳತಿ ಮಾಡ್ತೈತಿ ಅಂದಂಗಾತು.

ಇದನ್ನ ಓದುಮುಂದ ನಂಗ 2023 ಕಣ್ಣ ಮುಂದ ಬಂತು. ಆ ವರ್ಷ ಮುಂಗಾರಿ ತಡಾ ಆತು, ಬಿತ್ತಿದ ಹೆಸರು ಎದ್ದು ಎರಡ ಎಲಿ ಬಿಟ್ಟಿತ್ತು, ಆಗಸ್ಟ್ ಪೂರಾ ಮಳಿ ಕೈ ಕೊಡ್ತು. ಇಡೀ ದೇಶದ ಲೆಕ್ಕದಾಗ 1901ರಿಂದ ಈಚೆ ಅಷ್ಟ ಒಣಾ ಆಗಸ್ಟ್ ಆಗಿದ್ದಿಲ್ಲ. ಕರ್ನಾಟಕದ 236 ತಾಲೂಕಿನ್ಯಾಗ 223 ಬರಪೀಡಿತ ಅಂತ ಸರಕಾರ ಘೋಷಣಾ ಮಾಡ್ತು. ಎರಡನೇ ಸಲ ಬೀಜ ಒಯ್ಯಾಕ ಬಂದಾವ್ರ ಮುಖ ನೋಡಾಕ ಆಗ್ತಿದ್ದಿಲ್ಲ, ನಮ್ಮ ಮುಳಗುಂದ ಕಡೆ ಹೊಲದಾಗೂ ಅದ ಹಾಡು. ನಮ್ಮ ಬೆಳಿ ಬೀಜದಾಗಿಂದ ಮಲಗೂ ಗುಣಾನ ನಾವ ಸಾವಿರಾರು ವರ್ಷದಿಂದ ಆರಿಸಿ ಆರಿಸಿ ತಗದು ಹಾಕೇವಿ, ಕಾಯೂ ಕೆಲಸ ಬೀಜದಿಂದ ರೈತನ ಮ್ಯಾಲ ಬಂದೈತಿ. ಹದಾ ನೋಡಿ ಬಿತ್ತೂದು, ಒಂದ ಹೊಲಾ ಮೊದಲ ಬಿತ್ತಿ ಇನ್ನೊಂದ ಬಿಡೂದು, ಜ್ವಾಳದ ನಡುನಡುವ ಬ್ಯಾರೆ ಬೆಳಿ ಸಾಲು, ಅಂದ್ರ ಅಕ್ಕಡಿ ಹಾಕೂದು, ಮನ್ಯಾಗ ಒಂದ ಚೀಲ ಬೀಜ ತಗದಿಡೂದು, ಇವೆಲ್ಲಾ ಮರುಭೂಮಿ ಬೀಜ ತನ್ನಷ್ಟಕ್ಕ ತಾನ ಮಾಡೂ ಕೆಲಸನ. ಈಗ ಆ ಪದ್ಧತಿನೂ ಕೈ ಬಿಟ್ಟು ಊರ ತುಂಬ ಒಂದ ಬೆಳಿ, ಒಂದ ವಾರದಾಗ ಬಿತ್ತಿಗಿ. ನಾ ಬೀಜ ಮಾರಾಕಿ ಆದ್ರೂ ಇದು ನಂಗ ಹೆದರಿಕಿ ಹುಟ್ಟಿಸ್ತೈತಿ.

ಮಣ್ಣಿನ ಮಾತಿಗೆ ಬಂದ್ರ ನಮ್ಮ ಕಡೆಯವ್ರಿಗೆ ವಿವರಿಸಿ ಹೇಳೂದ ಬೇಕಾಗಿಲ್ಲ, ಕರಿ ಎರಿ ಯಾವುದು ಕೆಂಪು ಮಸಾರಿ ಯಾವುದು ಸಣ್ಣ ಹುಡುಗರಿಗೂ ಗೊತ್ತು. ಮುಂಗಾರ್ಯಾಗ ಹತ್ತ ಮಿಲಿಮೀಟರ್ ಬಿದ್ರ ಮಸಾರಿ ಹೊಲದಾಗ ಹಸಿ ಕಾಣ್ತೈತಿ, ಎರಿ ಹೊಲಾ ಅದನ್ನ ಮ್ಯಾಲಿಂದ ಮ್ಯಾಲ ಹೀರಿ ಮತ್ತ ಬಿಸಲಿಗೆ ಆರಿಸಿ ಬಿಡ್ತೈತಿ, ಬ್ಯಾಸಗ್ಯಾಗ ಬಿಟ್ಟ ಬಿರುಕಿನ್ಯಾಗ ಅಂಗೈ ಇಳಸಬಹುದು, ಅದು ಮುಚ್ಚಬೇಕಂದ್ರ ಎಂಥಾ ಮಳಿ ಬೇಕು. ಆದ್ರ ಒಮ್ಮೆ ತುಂಬ್ತು ಅಂದ್ರ ಹಿಂಗಾರಿ ಕಡ್ಲಿ, ಬಿಳಿಜ್ವಾಳ, ಕುಸುಬಿ ಒಂದ ಹನಿ ಮ್ಯಾಲ ಬೀಳದನ ಬರ್ತಾವ. ನೋಯ್-ಮೀರ್ ಇದ ಮಾತು ಜಗತ್ತಿನ ಮಟ್ಟಕ್ಕ ಹೇಳಿದ್ರು, ಮಳಿ ಭಾಳ ಕಡಿಮಿ ಇರೂ ಕಡೆ ಎರಿ ಅಂಥಾ ಜಿಗಟ ಮಣ್ಣಿಗಿಂತ ಉಸುಕ ಮಣ್ಣ ಮೇಲು, ಯಾಕಂದ್ರ ಉಸುಕಿನ್ಯಾಗ ನೀರ ಲಗೂನ ಬಿಸಲಿಗೆ ಸಿಗದಷ್ಟು ಆಳಕ್ಕ ಇಳಿತೈತಿ, ಮಳಿ ಜಾಸ್ತಿ ಆಕ್ಕೋತ ಹೋದಂಗ ಇದು ಉಲ್ಟಾ ಆಗ್ತೈತಿ, ಆ ಉಲ್ಟಾ ಆಗೂ ಗಡಿ 300ರಿಂದ 500 ಮಿಲಿಮೀಟರ್ ನಡುವ ಎಲ್ಲೋ ಐತಿ ಅಂತ ಅವರ ಅಂದಾಜು. ಜೈಸಲ್ಮೇರ್ ಇರೂ ಥಾರ್ ಮರುಭೂಮಿಯಾಗ ಉಸುಕಿನ ಮ್ಯಾಲ ಸೇವಣ ಹುಲ್ಲು ಮಂಡಿ ಎತ್ತರಾ ಬೆಳೀತೈತಿ, ಪಕ್ಕದ ಗಟ್ಟಿ ಗರಸ ನೆಲಾ ಬೋಳು ಇರ್ತೈತಿ ಅಂದ್ರ ಕಾರಣ ಇದ.

ಅಲ್ಲಿನ ಜನ ಆ ಬೋಳು ನೆಲಾನೂ ಬಿಟ್ಟಿಲ್ಲ ನೋಡ್ರಿ. ಜೈಸಲ್ಮೇರ್ ಕಡೆ ಖಡೀನ್ ಅಂತ ಪದ್ಧತಿ ಐತಿ, 15ನೇ ಶತಮಾನದಿಂದ ಅಲ್ಲಿನ ಪಾಲೀವಾಲ ಬ್ರಾಹ್ಮಣರು ಬೆಳಸ್ಕೋತ ಬಂದದ್ದು. ಮ್ಯಾಲಿನ ಬಂಡಿಗಲ್ಲಿನ ಇಳಕಲ ಮ್ಯಾಲ ಬಿದ್ದ ಮಳಿ ಹರದು ಬರೂ ಕಡೆ ತಗ್ಗಿಗೆ ಮಣ್ಣಿನ ಒಡ್ಡು ಹಾಕ್ತಾರ, ನೀರ ನಿಂತು ಮಣ್ಣಿಗೆ ಇಳದ ಮ್ಯಾಲ ಆ ಹಸ್ಯಾಗ ಗೋಧಿ, ಕಡ್ಲಿ ಬಿತ್ತತಾರ. ವರ್ಷಕ್ಕ 200 ಮಿಲಿಮೀಟರ್ ಇಲ್ಲದ ಊರಾಗ ಗೋಧಿ! ಮಳಿ ಎಲ್ಲಾ ಕಡೆ ಸಮಾ ಹಂಚಿ ಬಿದ್ದಿದ್ರ ಆಗ್ತಿದ್ದಿಲ್ಲ, ಹತ್ತಾರು ಎಕರೆ ಮಳಿ ಒಂದ ಎಕರೆಕ್ಕ ಕೂಡಿದ್ದಕ್ಕ ಆತು. ನಮ್ಮ ಕೃಷಿ ಹೊಂಡ ತೋಡಿಸಾವ್ರು ಒಂದ ಸಲ ಅದನ್ನ ನೋಡಿ ಬರಬೇಕು ಅಂತ ನನ್ನ ಆಸೆ.

ಇನ್ನ ಬನ್ನಿ ಮರ. ದಸರಾಕ್ಕ ನಾವು ಪೂಜಾ ಮಾಡಿ ಬಂಗಾರದಂಗ ಇರೂಣು ಅಂತ ಕೈಗೆ ಕೊಡೂ ಬನ್ನಿನ ಥಾರ್‌ದಾಗಿನ ಖೇಜಡಿ, ರಾಜಸ್ಥಾನದ ರಾಜ್ಯ ಮರ. 1730ರಾಗ ಜೋಧಪುರದ ಹತ್ರ ಖೇಜಡ್ಲಿ ಊರಾಗ ಈ ಮರ ಕಡಿಯೂದನ್ನ ತಡಿಯಾಕ ಅಮೃತಾ ದೇವಿ ಮತ್ತ ಬಿಷ್ಣೋಯಿ ಸಮಾಜದ ಜನ, ಒಟ್ಟು 363 ಮಂದಿ, ಮರಕ್ಕ ಅಪ್ಪಿಕೊಂಡು ಜೀವಾ ಕೊಟ್ರು. ಅದರ ಬೇರು ಭಾಳ ಆಳಕ್ಕ ಹೋಗ್ತೈತಿ, ಹಿಂಗಾಗಿ ಎಲ್ಲಾ ಸುಟ್ಟು ಕರಕಾಗೂ ಏಪ್ರಿಲ್-ಮೇ ತಿಂಗಳದಾಗ ಅದು ಹೊಸ ಎಲಿ ಬಿಡ್ತೈತಿ, ಕಾಯಿ ಬಿಡ್ತೈತಿ, ಆಡು ಒಂಟಿ ಎಲ್ಲಾ ಅದರ ಮ್ಯಾಲನ ಬದುಕ್ತಾವ. ಆದ್ರ ದೊಡ್ಡ ಮರ ಬರಗಾಲ ತಡಕೊಳ್ತೈತಿ ಅಂದ್ರ ಸಸಿ ತಡಕೊಳ್ತೈತಿ ಅಂತಲ್ಲ. ಒಣಭೂಮಿಯ ಮರದ ಸಸಿ ಉಳದು ಬೇರು ಆಳಕ್ಕ ಮುಟ್ಟಬೇಕಂದ್ರ ಬೆನ್ನ ಬೆನ್ನಿಗೆ ಒಳ್ಳೇ ಮಳಿ ವರ್ಷ ಬರಬೇಕು, ಅದು ಎಷ್ಟೋ ವರ್ಷಕ್ಕೊಮ್ಮೆ. ಇಂಥಾ ಕಡೆ ಮರ ಕಡದ್ರ ಮುಂದಿನ ವರ್ಷ ಸಸಿ ನೆಡ್ತೀವಿ ಅನ್ನೂ ಮಾತಿಗೆ ಅರ್ಥ ಇಲ್ಲ, ಆ ಮರ ಎದ್ದು ನಿಂತಂಥಾ ವರ್ಷಗಳು ಮತ್ತ ಬರೂತನಕಾ ಕಾಯಬೇಕು.

ಪ್ರಾಣಿಗಳೂ ಕಾಯ್ತಾವ. ಅರಿಜೋನಾ ಕಡೆ ಕಾಲಿನ್ಯಾಗ ಸಲಿಕೆ ಅಂಥಾ ಗಟ್ಟಿ ಅಂಚು ಇರೂ ಒಂದ ಕಪ್ಪಿ ಐತಿ, ವರ್ಷದ ಎಂಟ-ಹತ್ತು ತಿಂಗಳು ನೆಲದಾಗ ಹುಗುದುಕೊಂಡಿರ್ತೈತಿ, ಬ್ಯಾಸಗಿ ಗುಡುಗು ಮಳಿಯ ಸಪ್ಪಳಾ, ನೆಲದ ನಡುಗು ತಿಳದ ಕೂಡ್ಲೆ ಮ್ಯಾಲ ಬರ್ತೈತಿ, ಅವತ್ತ ರಾತ್ರಿನ ಮೊಟ್ಟಿ. ನೀರ ನಿಂತ ತಗ್ಗು ಆರೂದ್ರಾಗ ಮರಿ ಕಪ್ಪಿ ಆಗಬೇಕಲ, ಒಂಬತ್ತ-ಹತ್ತ ದಿನದಾಗ ಆಗಿ ಬಿಡ್ತೈತಿ. ಆಸ್ಟ್ರೇಲಿಯಾದ ಐರ್ ಸರೋವರ ಎಷ್ಟೋ ವರ್ಷ ಉಪ್ಪಿನ ಬಯಲಾಗಿ ಬಿದ್ದಿರ್ತೈತಿ, ದೂರದಾಗ ಮಳಿ ಆಗಿ ನದಿ ನೀರ ಬಂತಂದ್ರ ಸಮುದ್ರ ದಂಡಿಯಿಂದ ಸಾವಿರಾರು ಹಕ್ಕಿ ಹಾರಿ ಬಂದು ಅಲ್ಲಿ ಗೂಡು ಮಾಡ್ತಾವ. ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಬರೂ ಪಟ್ಟೆತಲೆ ಹೆಬ್ಬಾತುಗಳೂ ಕೆರಿ ತುಂಬಿದ ವರ್ಷ, ತುಂಬದ ವರ್ಷ ಅಂತ ನೋಡಿ ಇಳಿತಾವ, ಆ ಕೆರಿ 2024ರಾಗ ಜಗತ್ತಿನ ಮಹತ್ವದ ಜೌಗು-ಕೆರಿಗಳ ರಾಮ್ಸರ್ ಪಟ್ಟಿಗೆ ಸೇರೇತಿ.

ಮಿಡತಿ ಕಥಿ ಮಾತ್ರ ಬ್ಯಾರೆ ತೂಕದ್ದು. 2018ರ ಮೇ ತಿಂಗಳಾಗ ಮೆಕುನು, ಅಕ್ಟೋಬರ್‌ನ್ಯಾಗ ಲುಬಾನ್, ಎರಡ ಚಂಡಮಾರುತ ಅರಬ್ಬಿ ಸಮುದ್ರದಿಂದ ಅರೇಬಿಯಾದ ಖಾಲಿ ಮರುಭೂಮಿಗೆ ಹೊಕ್ಕವು. ಮನುಷ್ಯಾರೇ ಇಲ್ಲದ ಆ ಉಸುಕಿನ್ಯಾಗ ಹಸಿ ಆತು, ಹಸರು ಬಂತು. ಮರುಭೂಮಿ ಮಿಡತಿ ಹಸಿ ಉಸುಕಿನ್ಯಾಗ ಮೊಟ್ಟಿ ಇಡ್ತೈತಿ, ಹದಾ ಸಿಕ್ರ ಮೂರ ತಿಂಗಳಾಗ ಇಪ್ಪತ್ತ ಪಟ್ಟು, ಆರ ತಿಂಗಳಾಗ 400 ಪಟ್ಟು, ಒಂಬತ್ತ ತಿಂಗಳಾಗ 8000 ಪಟ್ಟು ಆಗಬಹುದು ಅಂತ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಲೆಕ್ಕ ಹೇಳ್ತೈತಿ. ಒಂದೊಂದ ಇದ್ದಾಗ ನಾಚಿಕಿ ಸ್ವಭಾವದ ಹುಳ, ಹಸರು ಆರ್ಕೋತ ಬಂದು ಇದ್ದಷ್ಟ ಜಾಗದಾಗ ಒತ್ತಟ್ಟಿಗೆ ಕೂಡಿದ್ವು ಅಂದ್ರ ಮೈಗೆ ಮೈ ತಾಕಿ ಬಣ್ಣಾನೂ ಬದಲು, ನಡತಿನೂ ಬದಲು, ದಂಡು ಕಟ್ಟಿ ಹಾರಾಕ ಹತ್ತತಾವ. 2019-20ರಾಗ ಅವು ರಾಜಸ್ಥಾನ, ಗುಜರಾತಿಗೆ ಬಂದ್ವು, 2020ರ ಮೇ ತಿಂಗಳಾಗ ಮಹಾರಾಷ್ಟ್ರ ತನಕಾ ಮುಟ್ಟಿದ್ವು, ನಮ್ಮ ಕಡೆ ರೈತರೂ ಆಗ ಅಂಗಡಿಗೆ ಬಂದು ಯಾವ ಎಣ್ಣಿ ಹೊಡೀಬೇಕ್ರಿ ಅಂತ ಕೇಳಿದ್ದು ನೆನಪೈತಿ. ಎಲ್ಲೋ ಯಮನ್-ಒಮಾನ್ ನಡುವ ಬಿದ್ದ ಎರಡ ಮಳಿ, ಎರಡ ವರ್ಷದ ಮ್ಯಾಲ ಜೀರಿಗಿ ಹೊಲಾ ತಿಂದು ಹಾಕ್ತು. ಕಾಕಾನ ಮಗ ಹೇಳ್ತಿದ್ದ, ಜೀಪಿನ ಗಾಜಿನ ಮ್ಯಾಲ ಆಲಿಕಲ್ಲಿನಂಗ ಬಡೀತಿದ್ವಂತ, ವೈಪರ್ ಹಾಕಿದ್ರ ಹಳದಿ ರಸಾ ಮೆತ್ತತಿತ್ತಂತ.

ಮನುಷ್ಯಾರು ಈ ಏರಿಳಿತದ ಜೋಡಿ ಬಾಳೂ ದಾರಿ ಏನಂದ್ರ ನಡಿಯೂದು. 1988ರಾಗ ಎಲಿಸ್ ಮತ್ತ ಸ್ವಿಫ್ಟ್ ಅನ್ನೂ ಇಬ್ಬರು ಕೆನ್ಯಾದ ತುರ್ಕಾನಾ ಪಶುಗಾಹಿಗಳ ಬಗ್ಗೆ ಬರದ್ರು, ಅಲ್ಲಿ ದನಗಳು ಜಾಸ್ತಿ ಆಗಿ ಹುಲ್ಲು ಹಾಳಾಗೂಕಿಂತ ಮೊದಲ ಬರಗಾಲನ ಬಂದು ದನಾ ಕಡಿಮಿ ಮಾಡಿ ಬಿಡ್ತೈತಿ, ಹಿಂಗಾಗಿ ಒಂದ ಎಕರೆಕ್ಕ ಇಷ್ಟ ದನಾ ಅಂತ ಹೊರಗಿನಾವ್ರು ಮಾಡೂ ಲೆಕ್ಕ ಅಲ್ಲಿ ನಡಿಯಂಗಿಲ್ಲ, ಮಳಿ ಎಲ್ಲಿ ಬಿತ್ತೋ ಅಲ್ಲಿಗೆ ಹೋಗೂದ ಶಾಣ್ಯಾತನ ಅಂತ. ಆಫ್ರಿಕಾದ ಸಾಹೇಲ್‌ದಾಗ ಉಲ್ಟಾ ಮಾಡಿ ನೋಡಿದ್ರು, ಆಳವಾದ ಬೋರ್ ಹೊಡದು ಜನರನ್ನ ಒಂದ ಕಡೆ ನಿಂದರ್ಸಿದ್ರು, 1968ರಿಂದ 73ರ ಬರಗಾಲದಾಗ ಆ ಬೋರಿನ ಸುತ್ತ ನೀರ ಇತ್ತು, ಮೇವು ಇದ್ದಿಲ್ಲ, ದನಾ ನೀರಿನ ಪಕ್ಕದಾಗ ಹಸಿವಿನಿಂದ ಸತ್ವು. ನಮ್ಮ ಹಾಲುಮತದ ಕುರಿಗಾರರು ಕುದರಿ ಮ್ಯಾಲ ಸಾಮಾನ ಹೇರಿಕೊಂಡು ಊರಿಂದ ಊರಿಗೆ ಹೋಗೂದನ್ನ ನೋಡಿ ಪಾಪ ಇವರಿಗೆ ಒಂದ ನೆಲಿ ಇಲ್ಲ ಅಂತ ಮಾತಾಡಾವ್ರು ಅದಾರ. ಆ ಕುರಿ ನಮ್ಮ ಹೊಲದಾಗ ನಾಕ ರಾತ್ರಿ ನಿಂತ್ರ ಆಗೂ ಗೊಬ್ಬರಾ ಯಾವ ಚೀಲದಾಗೂ ಬರಂಗಿಲ್ಲ, ಇದನ್ನ ಗೊಬ್ಬರ ಮಾರಾಕಿ ಹೇಳಾಕ ಹತ್ತೀನಿ. ಅವರು ಮಳಿ ಓದ್ತಾರ, ಓದಿ ನಡೀತಾರ, ಅವರ ದಾರಿ ಬಂದ್ ಮಾಡಬಾರ್ದು.

ಇನ್ನೊಂದ ಸಿಟ್ಟಿನ ಮಾತು ಐತಿ. ಹುಲ್ಲಗಾವಲು, ಒಣ ಬಯಲು ಅಂದ್ರ ಕಾಗದಪತ್ರದಾಗ ಬಂಜರು ಅಂತ ಬರೀತಾರ. ಹಾವೇರಿ ಜಿಲ್ಲಾದ ರಾಣೆಬೆನ್ನೂರದಾಗ 1974ರಾಗ ಕೃಷ್ಣಮೃಗಕ್ಕಂತ ಅಭಯಾರಣ್ಯ ಆತು, ಅಲ್ಲಿ ಹಿಂದಕ ಹೆಬ್ಬಕ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿನೂ ಇತ್ತು, ಆದ್ರ ಬಯಲಿನ ದೊಡ್ಡ ಪಾಲು ನೀಲಗಿರಿ ನೆಟ್ಟಿದ್ರು. ಹೆಬ್ಬಕಕ್ಕ ದೂರ ತನಕಾ ಕಾಣೂ ಬಯಲು ಬೇಕು, ಮರ ಬೇಡ. ಈಗ ಆ ಹಕ್ಕಿ ಜಗತ್ತಿನ್ಯಾಗ ಉಳದಿದ್ದು ಹೆಚ್ಚೂಕಡಿಮಿ ಜೈಸಲ್ಮೇರ್ ಬಯಲಿನ್ಯಾಗ, ಎರಡನೂರರ ಒಳಗ. ಒಂದ ಸಲಕ್ಕ ಸಾಮಾನ್ಯವಾಗಿ ಒಂದ ಮೊಟ್ಟಿ ಇಡ್ತೈತಿ. ಮಳಿ ಛಲೋ ಆಗಿ ಹುಲ್ಲು, ಹುಳ ತುಂಬಿದ ವರ್ಷ ಅದರ ಸುಗ್ಗಿ, ಅಂಥಾ ವರ್ಷಾನ ಅಪರೂಪ ಇರಬೇಕಾದ್ರ ಒಣಾ ವರ್ಷದಾಗ ಬಂದು ನೋಡಿ ಇಲ್ಲೇನೂ ಇಲ್ಲ ಅಂತ ರಿಪೋರ್ಟ್ ಬರದ್ರ ಹೆಂಗ್ರಿ?

ಈಗ ಮಳಿ ಸ್ವಭಾವಾನ ಬದಲಾಗಾಕ ಹತ್ತೈತಿ. ಗಾಳಿ ಒಂದ ಡಿಗ್ರಿ ಸೆಲ್ಸಿಯಸ್ ಕಾದ್ರ ಸುಮಾರು 7 ಪರ್ಸೆಂಟ್ ಜಾಸ್ತಿ ಆವಿ ಹಿಡಕೊಳ್ತೈತಿ, ಹಿಂಗಾಗಿ ಬಂದ್ರ ಭರಪೂರ, ಇಲ್ಲಂದ್ರ ದಿನಗಟ್ಟಲೆ ಒಣಾ. 2006ರ ಆಗಸ್ಟ್‌ನ್ಯಾಗ ರಾಜಸ್ಥಾನದ ಬಾಡಮೇರ್‌ದಾಗ ಕೆಲವೇ ದಿನದಾಗ ಇಡೀ ವರ್ಷದ ಸರಾಸರಿಗಿಂತ ಜಾಸ್ತಿ ಸುರೀತು, ಕವಾಸ್ ಅನ್ನೂ ಊರು ಮುಳುಗಿ ಹೋತು, ನೆಲದ ಕೆಳಗ ಜಿಪ್ಸಮ್ ಪದರ ಇದ್ದಿದ್ದಕ್ಕ ನೀರ ಇಂಗದನ ತಿಂಗಳಗಟ್ಟಲೆ ಮರುಭೂಮಿಯಾಗ ಕೆರಿ ನಿಂತಿತ್ತು. ವಿಜ್ಞಾನಿಗಳು ಹೇಳೂದು ಇನ್ನೂ ಸೂಕ್ಷ್ಮ ಐತಿ, ಟೋಟಲ್ ಅಷ್ಟ ಇದ್ದು ಮಳಿ ಕಡಿಮಿ ಸಲ, ದೊಡ್ಡದಾಗಿ ಬಂದ್ರ ಪೂರಾ ಒಣಾ ಮರುಭೂಮಿಯ ಕಂಟಿಗಳಿಗೆ ಅನುಕೂಲನ ಆಗಬಹುದು, ನೀರ ಆಳಕ್ಕ ಇಳಿತೈತಿ, ಬಿಸಲಿಗೆ ಹಾರೂದು ಕಡಿಮಿ. ಅದ ನಮ್ಮಂಥಾ ನಡುಮಟ್ಟದ ಮಳಿ ಕಡೆ ಬ್ಯಾರೆ ಆಗ್ತೈತಿ, ದೊಡ್ಡ ಮಳಿ ಹರದು ಹಳ್ಳಕ್ಕ ಹೋಗಿ, ಮುಂದಿನ ಮಳಿ ತನಕಾ ಬೇರು ಒಣಗ್ತಾವ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ರೋಣ, ನರಗುಂದ ಕಡೆ ಮನಿಗಳಿಗೆ ನೀರ ಹೊಕ್ಕಿತ್ತು, ನಾಕ ವರ್ಷಕ್ಕ ಬರಗಾಲ. ಎರಡನ್ನೂ ಕೂಡಿಸಿ ಭಾಗಿಸಿ ಗದಗ ಜಿಲ್ಲಾಕ್ಕ ವಾಡಿಕೆ ಮಳಿ ಆಗೇತಿ ಅಂದ್ರ ಯಾರ ಹೊಲದಾಗ ಆತು ಅದು?

ಅದಕ್ಕ ನಾ ಈಗ ಅಂಗಡ್ಯಾಗ ಒಂದ ನೋಟ್‌ಬುಕ್ ಇಟ್ಟೀನಿ. ಬಂದ ರೈತರು ತಮ್ಮೂರಾಗ ಯಾವತ್ತ ಮಳಿ ಆತು, ಎಷ್ಟ ಹದಾ ಆತು, ಹಿಂದಿನ ಮಳಿಗೂ ಇದಕ್ಕೂ ನಡುವ ಎಷ್ಟ ದಿನಾ ಬಿಡುವು ಇತ್ತು ಅಂತ ಹೇಳ್ತಾರ, ಬರಕೊಳ್ತೀನಿ. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ ಅನ್ನಾಕಿ ನಮ್ಮ ಅಮ್ಮ ಇದ್ರಾಗ ಭಾಳ ಉಪಯೋಗಕ್ಕ ಬಂದಾಳ, ಆಕಿ ನಕ್ಷತ್ರದ ಲೆಕ್ಕದಾಗನ ಹೇಳ್ತಾಳ, ನಾ ತಾರೀಖಿಗೆ ಹೊಂದಿಸಿ ಬರೀತೀನಿ. ಆಕಿ ಲೆಕ್ಕದಾಗ ಟೋಟಲ್ ಅನ್ನೂದ ಇಲ್ಲ, ಮಿರಗಾ ಹಿಡೀತು, ಆರಿದ್ರಿ ಬಿಡ್ತು, ಹಸ್ತಿ ಹೊಯ್ತು ಅಂತ ಬರೇ ಬಂದದ್ದು ಮತ್ತ ಬಿಟ್ಟಿದ್ದು. ಮುಂಡರಗಿ, ಶಿರಹಟ್ಟಿ, ಅಣ್ಣಿಗೇರಿ, ಸವಣೂರ ಕಡೆಯವ್ರ ಮನ್ಯಾಗ ಅಪ್ಪ-ಮುತ್ಯಾ ಮಳಿ ತಾರೀಖು ಬರದಿಟ್ಟ ಹಳೇ ಡೈರಿ, ಪಂಚಾಂಗದ ಅಂಚಿನ ಬರಹ ಏನರ ಇದ್ರ ದಯವಿಟ್ಟು ರದ್ದಿಗೆ ಹಾಕಬ್ಯಾಡ್ರಿ, ನಂಗ ತಿಳಸ್ರಿ, ಬಂದು ಫೋಟೋ ತಕ್ಕೊಂಡು ಪುಸ್ತಕ ನಿಮ್ಮ ಕೈಯಾಗನ ಕೊಟ್ಟು ಹೋಗ್ತೀನಿ.